ನೀನಾರು ಎಂದು ಕೇಳಿದಾಗ



ನಿನ್ನೆ ಸಂಜೆ ಪೂಜೆ ಮುಗಿಸಿ ನಾವು ಕುಳಿತಿದ್ದಾಗ ಹೈಸ್ಕೂಲು ಓದುವ ಒಬ್ಬ ಹುಡುಗ ಬಂದು ನಮಸ್ಕಾರ ಮಾಡಿದ. ಹೋಗಲಿಲ್ಲ, ಅಲ್ಲೇ ನಿಂತ. ಏನಪ್ಪಾ ಎಂದು ಕೇಳಿದೆವು. "ಬುದ್ಧೀ, ಸುಳ್ಳು ಹೇಳಬಾರದು ಅಂತಾರೆ. ಸ್ನೇಹಿತನನ್ನ ಉಳಿಸೋಕೆ ಸುಳ್ಳು ಹೇಳಿದರೂ ಪಾಪವೇನು?" ಎಂದ. ಪಕ್ಕದಲ್ಲಿದ್ದ ಅವನ ತಾತ, "ಬುದ್ಧಿಯವರ ಹತ್ತಿರ ಇಂಥಾದ್ದು ಕೇಳ್ತಾರೇನೋ" ಎಂದು ಗದರಿದರು. ನಾವು ಬೇಡವೆಂದು ತಡೆದು, "ನಾಳೆ ಸಭೆಯಲ್ಲಿ ಹೇಳುತ್ತೇವೆ, ಬಾ" ಎಂದೆವು. ಅವನು ಬಂದಿದ್ದಾನೆ, ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾನೆ. ಆದರೆ ಆ ಪ್ರಶ್ನೆ ರಾತ್ರಿಯೆಲ್ಲ ನಮ್ಮನ್ನು ಬಿಡಲಿಲ್ಲ. ಏಕೆ ಬಿಡಲಿಲ್ಲವೆಂಬುದನ್ನು ಆಮೇಲೆ ಹೇಳುತ್ತೇವೆ.

ಮೊದಲು ಶಾಸ್ತ್ರ ಏನು ಹೇಳುತ್ತದೆ, ನೋಡೋಣ. ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಕೌಶಿಕನಿಗೆ ಒಂದು ವ್ರತ: ಎಂದಿಗೂ ಸತ್ಯವನ್ನೇ ನುಡಿಯಬೇಕು. ಒಂದು ದಿನ ಕಳ್ಳರಿಗೆ ಹೆದರಿ ಓಡಿಬಂದ ಕೆಲವರು ಅವನ ಆಶ್ರಮದ ಬಳಿಯ ಕಾಡಿನಲ್ಲಿ ಅಡಗಿಕೊಂಡರು. ಹಿಂದೆಯೇ ಕಳ್ಳರು ಬಂದರು. "ಸತ್ಯವಂತನೆ, ಅವರು ಎತ್ತ ಹೋದರು?" ಎಂದು ಕೇಳಿದರು. ಕೌಶಿಕ ಇದ್ದದ್ದನ್ನು ಇದ್ದಂತೆ ಹೇಳಿದ. ಕಳ್ಳರು ಹೋಗಿ ಅವರನ್ನೆಲ್ಲ ಕೊಂದರು. ಕೌಶಿಕನಿಗೆ ದೊರೆತದ್ದು ಸ್ವರ್ಗವಲ್ಲ, ನರಕ. ಅವನ ನಾಲಗೆ ಸುಳ್ಳಾಡಲಿಲ್ಲ, ನಿಜ. ಆದರೆ ಅವನ ಹೃದಯದಲ್ಲಿ ಸತ್ಯವಿರಲಿಲ್ಲ. ತನ್ನ ವ್ರತ ಉಳಿದರೆ ಸಾಕು, ಯಾರ ತಲೆ ಉರುಳಿದರೇನು ಎಂಬ ಸ್ವಾರ್ಥವಿತ್ತು. ಪ್ರಾಣಿಗಳಿಗೆ ಹಿತವಾದದ್ದು ಯಾವುದೋ ಅದೇ ಸತ್ಯವೆಂಬುದು ಹಿರಿಯರ ನಿರ್ಣಯ.

ಇದು ಪುರಾಣದ ಮಾತಾಯಿತು. ಈಗ ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಅದರ ಒಂದು ಕೊನೆ ಇಲ್ಲಿಯೇ ನಿಮ್ಮ ಮಧುಗಿರಿಗೆ ಬಂದು ಮುಟ್ಟುತ್ತದೆ. ಆದ್ದರಿಂದ ಸಾವಧಾನವಾಗಿ ಕೇಳಬೇಕು.

1689ನೆಯ ಇಸವಿ. ದಕ್ಷಿಣ ದೇಶವೆಲ್ಲ ಆಗ ಔರಂಗಜೇಬನ ಸೈನ್ಯದ ಕಾಲಡಿಯಲ್ಲಿ ನಡುಗುತ್ತಿತ್ತು. 1686ರಲ್ಲಿ ಬಿಜಾಪುರ ಬಿತ್ತು. 1687ರಲ್ಲಿ ಗೋಲ್ಕೊಂಡ ಬಿತ್ತು. ಅದೇ 1687ರಲ್ಲಿ ಮೊಗಲರ ಸೇನಾಪತಿ ಖಾಸಿಂಖಾನನು ಬೆಂಗಳೂರಿನ ತನಕ ಬಂದ. ನಿಮ್ಮ ಪಕ್ಕದ ಶಿರಾ ಮೊಗಲರ ಆಡಳಿತದ ಕೇಂದ್ರವಾದದ್ದೂ ಆಗಲೇ. ಇನ್ನು ಮರಾಠರ ಸ್ಥಿತಿಯನ್ನು ಕೇಳಿ. ಶಿವಾಜಿ ಮಹಾರಾಜರ ಹಿರಿಯ ಮಗ ಸಂಭಾಜಿ 1689ರ ಫೆಬ್ರವರಿಯಲ್ಲಿ ಸೆರೆಸಿಕ್ಕ. ಮಾರ್ಚಿಯಲ್ಲಿ ಅವನನ್ನು ಚಿತ್ರಹಿಂಸೆ ಮಾಡಿ ಕೊಂದರು. ಉಳಿದವನು ತಮ್ಮ ರಾಜಾರಾಮ. ವಯಸ್ಸು 19. ಅವನೂ ಸಿಕ್ಕಿಬಿದ್ದರೆ ರಾಜ್ಯವೇ ಮುಗಿಯಿತು. ತಮಿಳು ಸೀಮೆಯಲ್ಲಿ ಜಿಂಜಿ ಎಂಬ ಬಲವಾದ ಕೋಟೆ ಶಿವಾಜಿಯ ಕಾಲದಿಂದಲೂ ಮರಾಠರ ಕೈಯಲ್ಲಿತ್ತು. ಅಲ್ಲಿಗೆ ಹೋಗಿ ಸೇರಬೇಕು. ನಡುವೆ ನೂರಾರು ಮೈಲಿ ದಾರಿ. ದಾರಿಯುದ್ದಕ್ಕೂ ಶತ್ರುಗಳ ಕಣ್ಣು. ಹೇಗೆ ಹೋಗುವುದು?

ಅವರು ಆರಿಸಿಕೊಂಡ ವೇಷ ಯಾವುದು ಬಲ್ಲಿರಾ? ಲಿಂಗವಂತ ಯಾತ್ರಿಕರ ವೇಷ. ರಾಜಾರಾಮನೂ ಅವನ ಕೆಲವೇ ಸಂಗಡಿಗರೂ ಕತ್ತಿಯನ್ನು ಬಚ್ಚಿಟ್ಟು, ಹಣೆಗೆ ವಿಭೂತಿ ಧರಿಸಿ, ನಮ್ಮ ಜಂಗಮರಂತೆ ನಡೆದು ಪನ್ಹಾಳದಿಂದ ಹೊರಟರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ವೇಷವನ್ನೇ ಏಕೆ ಆರಿಸಿದರು? ಜಂಗಮನನ್ನು ಯಾರೂ ತಡೆಯುವುದಿಲ್ಲ. ಯಾವ ಊರಿಗೆ ಹೋದರೂ ಯಾರಾದರೊಬ್ಬರು ಕೈಕಾಲಿಗೆ ನೀರು ಕೊಡುತ್ತಾರೆ, ಪ್ರಸಾದ ನೀಡುತ್ತಾರೆ. ಆ ನಂಬಿಕೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಐದು ನೂರು ವರ್ಷ ಊರೂರು ತಿರುಗಿ, ಕೊಟ್ಟದ್ದನ್ನು ಉಂಡು, ಕೊಡದಿದ್ದರೆ ಉಪವಾಸವಿದ್ದು, ಭಕ್ತರಿಗೆ ಒಳಿತನ್ನೇ ಹೇಳಿದ ನಿಜವಾದ ಜಂಗಮರು ಗಳಿಸಿಟ್ಟ ನಂಬಿಕೆ ಅದು. ಆ ರಾಜಕುಮಾರ ಉಟ್ಟದ್ದು ಬಟ್ಟೆಯನ್ನಲ್ಲ, ಆ ಮಹಾತ್ಮರ ಪುಣ್ಯವನ್ನು. ಅವರು ದುಡಿದಿಟ್ಟ ಗಂಟಿನಿಂದ ಅವನ ಪ್ರಾಣ ಉಳಿಯಿತು.

ದಾರಿಯಲ್ಲಿ ಕೆಳದಿ ಸಂಸ್ಥಾನ. ಬಿದನೂರಿನ ಗದ್ದುಗೆಯ ಮೇಲೆ ಆಗ ಇದ್ದವರು ರಾಣಿ ಚನ್ನಮ್ಮಾಜಿ. ಗಂಡ ಸೋಮಶೇಖರ ನಾಯಕರು ತೀರಿಹೋದ ಮೇಲೆ ಇಪ್ಪತ್ತೈದು ವರ್ಷ ರಾಜ್ಯವಾಳಿದ ತಾಯಿ. ಲಿಂಗನಿಷ್ಠೆ, ಜಂಗಮಪ್ರೇಮಗಳಿಗೆ ಹೆಸರಾದವರು. ಕೆಳದಿಯ ಕಡೆಯವರು ಹೇಳುವಂತೆ, ಚನ್ನಮ್ಮಾಜಿ ಜಂಗಮಾರಾಧನೆ ಮಾಡುತ್ತಿದ್ದಾಗ ಸಾಲಿನಲ್ಲಿ ಒಬ್ಬ ತರುಣ ನಿಂತಿದ್ದ. ಬಟ್ಟೆ ಜಂಗಮನದು, ಮುಖಲಕ್ಷಣ ಅರಸನದು. ಅವರು ಸಮಾಧಾನದಿಂದ, ನೀನಾರಪ್ಪ ಎಂದು ಕೇಳಿದರು. ಅವನು ವೇಷದ ಮಾತನ್ನು ಬಿಟ್ಟು ತಾನು ಶಿವಾಜಿಯ ಮಗನೆಂದು ಹೇಳಿಕೊಂಡು ಆಶ್ರಯ ಬೇಡಿದ.

ಮಂತ್ರಿಗಳು ಹೆದರಿದರು. ಬಿಜಾಪುರ, ಗೋಲ್ಕೊಂಡಗಳನ್ನೇ ನುಂಗಿದ ಬಾದಶಹನ ಎದುರು ಕೆಳದಿ ಎಷ್ಟರದು? ಆದರೆ ಚನ್ನಮ್ಮಾಜಿ ಶರಣು ಬಂದವನನ್ನು ಬಿಟ್ಟುಕೊಡಲಿಲ್ಲ. ತಮ್ಮ ಸೀಮೆಯ ಮೂಲಕ ಅವನನ್ನು ಜೋಪಾನವಾಗಿ ದಾಟಿಸಿದರು. ಸಿಟ್ಟಿಗೆದ್ದ ಔರಂಗಜೇಬ ಅವರ ಮೇಲೆ ಸೈನ್ಯ ಕಳಿಸಿದ. ಮಲೆನಾಡಿನ ಕಾಡಿನಲ್ಲಿ ಕಾದಾಟವೂ ನಡೆಯಿತು, ಕೊನೆಗೆ ಒಪ್ಪಂದವೂ ಆಯಿತು. ಆದರೆ ಅಷ್ಟರಲ್ಲಿ ಅತಿಥಿ ಗಡಿ ದಾಟಿಯಾಗಿತ್ತು.

ಇಲ್ಲಿ "ನೀನಾರು" ಎಂದು ಕೇಳಿದವಳು ತಾಯಿ. ಉತ್ತರ ಕೊಟ್ಟದ್ದರಿಂದ ಪ್ರಾಣ ಉಳಿಯಿತು. ಅದೇ ಪ್ರಶ್ನೆ ಕೆಲವೇ ದಿನಗಳಲ್ಲಿ ಇನ್ನೊಂದು ಊರಿನಲ್ಲಿ ಎದುರಾಯಿತು. ಅಲ್ಲಿ ಕೇಳಿದವನ ಕೈಯಲ್ಲಿ ಚಾಟಿ ಇತ್ತು.

ಆ ಊರು ಬೆಂಗಳೂರು. ಮರಾಠರ ಬಖರುಗಳಲ್ಲಿ ಈ ಪ್ರಸಂಗ ಬಂದಿದೆ. ಯಾತ್ರಿಕರೆಲ್ಲ ಒಂದು ಕಡೆ ಇಳಿದುಕೊಂಡಿದ್ದರು. ದಣಿದು ಬಂದ ರಾಜಾರಾಮನ ಕಾಲನ್ನು ಒಬ್ಬ ಸೇವಕ ತೊಳೆದ. ನೋಡಿ, ನಮ್ಮಲ್ಲಿ ಪಾದ ತೊಳೆಯುವುದು ಹೊಸದಲ್ಲ. ಪಾದೋದಕ ಅಷ್ಟಾವರಣಗಳಲ್ಲಿ ಒಂದು. ಆದರೆ ಜಂಗಮನ ಪಾದವನ್ನು ತೊಳೆಯುವ ರೀತಿಯೇ ಬೇರೆ, ದೊರೆಯ ಕಾಲನ್ನು ತೊಳೆಯುವ ರೀತಿಯೇ ಬೇರೆ. ಒಂದು ಭಕ್ತಿಯಿಂದ, ಇನ್ನೊಂದು ಭಯದಿಂದ. ಸೇವಕನ ಕೈ ಅಭ್ಯಾಸಬಲದಿಂದ ಅರಸನ ಸೇವೆ ಮಾಡಿಬಿಟ್ಟಿತು. ನೋಡಿದವರಿಗೆ ಅನುಮಾನ ಬಂತು. ಇವರು ಯಾತ್ರಿಕರಲ್ಲ, ಯಾರೋ ದೊಡ್ಡವರು, ಠಾಣೆಗೆ ತಿಳಿಸಬೇಕು ಎಂದು ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತಾಡಿಕೊಂಡರು. ಗುಂಪಿನಲ್ಲಿ ಕನ್ನಡ ಬಲ್ಲವರಿದ್ದರು, ಅವರ ಕಿವಿಗೆ ಅದು ಬಿತ್ತು. ಕೂಡಲೇ ಆಲೋಚನೆ ನಡೆಯಿತು. ರಾಜಾರಾಮನು ಒಂದಿಬ್ಬರೊಡನೆ ಬೇರೆ ದಾರಿ ಹಿಡಿದು ಹೊರಡುವುದು, ಉಳಿದವರು ಏನೂ ಆಗಿಲ್ಲವೆಂಬಂತೆ ಅಲ್ಲಿಯೇ ಇರುವುದು. ಎಲ್ಲರೂ ಹೊರಟರೆ ಬೆನ್ನುಹತ್ತುತ್ತಾರೆ. ಕೆಲವರು ಸಿಕ್ಕಿಬಿದ್ದರೆ ಅವನಿಗೆ ದಾರಿ ಸವೆಸಲು ಸಮಯ ಸಿಗುತ್ತದೆ.

ಹಾಗೆ ಬೇಕೆಂದೇ ಉಳಿದುಕೊಂಡವರಲ್ಲಿ ಒಬ್ಬ ಖಂಡೋ ಬಲ್ಲಾಳ. ಇವನ ಹಿನ್ನೆಲೆಯನ್ನು ನೀವು ತಿಳಿಯಬೇಕು. ಇವನ ತಂದೆ ಬಾಳಾಜಿ ಆವಜಿ ಶಿವಾಜಿಯ ಚಿಟ್ನೀಸನಾಗಿದ್ದವನು, ಎಂದರೆ ರಾಜಪತ್ರಗಳನ್ನು ಬರೆಯುವ ದೊಡ್ಡ ಅಧಿಕಾರಿ. ಒಳಸಂಚಿನ ಅನುಮಾನದ ಮೇಲೆ ಸಂಭಾಜಿ 1681ರಲ್ಲಿ ಅವನನ್ನು ಕೊಲ್ಲಿಸಿದ. ಯಾರ ಅಣ್ಣ ತನ್ನ ತಂದೆಯನ್ನು ಕೊಲ್ಲಿಸಿದನೋ, ಆ ತಮ್ಮನನ್ನು ಉಳಿಸಲು ಇಂದು ಈ ಮಗ ಹಿಂದೆ ನಿಂತ! ಒಂದು ಹೆಸರು ಬಾಯಿಬಿಟ್ಟಿದ್ದರೆ ತಂದೆಯ ಸೇಡೂ ತೀರುತ್ತಿತ್ತು, ಇನಾಮೂ ಸಿಗುತ್ತಿತ್ತು.

ಠಾಣೆಯವರು ಬಂದು ಹಿಡಿದರು. ವಿಚಾರಣೆ ನಡೆಯಿತು. ನೀವು ಯಾರು? ನಿಮ್ಮೊಡನೆ ಇದ್ದವನು ಯಾರು? ಎತ್ತ ಹೋದ? ನಾವು ಬಡ ಯಾತ್ರಿಕರು, ರಾಮೇಶ್ವರಕ್ಕೆ ಹೋಗುವವರು ಎಂಬುದೊಂದೇ ಉತ್ತರ. ಚಾಟಿಯಿಂದ ಹೊಡೆದರು. ತಲೆಯ ಮೇಲೆ ಕಲ್ಲು ಹೊರಿಸಿದರು. ಬಿಸಿಬೂದಿ ತುಂಬಿದ ಚೀಲವನ್ನು ಬಾಯಿಗೆ ಕಟ್ಟಿದರು. ಉತ್ತರ ಬದಲಾಗಲಿಲ್ಲ. ಸೆರೆಯಲ್ಲಿಟ್ಟರು, ಮತ್ತೆ ಕೇಳಿದರು. ಆಗಲೂ ಅದೇ ಉತ್ತರ. ಕೊನೆಗೆ ಅಧಿಕಾರಿಗೇ ಇವರು ನಿಜವಾಗಿಯೂ ಯಾತ್ರಿಕರಿರಬೇಕೆನಿಸಿ ಬಿಟ್ಟುಬಿಟ್ಟ. ಅವರು ಹೋಗಿ ತಮ್ಮ ಒಡೆಯನನ್ನು ಕೂಡಿಕೊಂಡರು. ನವೆಂಬರಿನ ಹೊತ್ತಿಗೆ ರಾಜಾರಾಮ ಜಿಂಜಿಯಲ್ಲಿದ್ದ. ಮೊಗಲರು 1690ರಿಂದ 1698ರ ತನಕ ಆ ಕೋಟೆಗೆ ಮುತ್ತಿಗೆ ಹಾಕಿ ಕುಳಿತರು. ಕೋಟೆ ಬಿದ್ದಾಗಲೂ ಅವನು ಸಿಗಲಿಲ್ಲ.

ಆ ಬೂದಿಯ ಚೀಲವನ್ನು ನೆನೆದಾಗ ನಮಗೆ ಒಂದು ಭಾವ ಬರುತ್ತದೆ. ಅವರು ಹಣೆಗೆ ಹಚ್ಚಿಕೊಂಡ ವಿಭೂತಿ ವೇಷಕ್ಕೆಂದು ಹಚ್ಚಿದ್ದು. ಅದರಲ್ಲಿ ನಿಷ್ಠೆ ಇರಲಿಲ್ಲ, ಉಪಾಯವಿತ್ತು. ಆದರೆ ಬಾಯಿಗೆ ಕಟ್ಟಿದ ಆ ಬಿಸಿಬೂದಿಯಲ್ಲಿ ಅವರ ವಿಭೂತಿ ನಿಜವಾಯಿತು. ಜಂಗಮನೆಂದರೆ ತನಗಾಗಿ ಏನನ್ನೂ ಇಟ್ಟುಕೊಳ್ಳದವನು. ಆ ಹೊತ್ತಿನಲ್ಲಿ ಅವರು ತಮ್ಮ ದೇಹವನ್ನೂ ಇಟ್ಟುಕೊಳ್ಳಲಿಲ್ಲ.

ಹಾಗಾದರೆ ಯಾರು ಯಾವ ವೇಷ ಹಾಕಿದರೂ ಆಗಬಹುದೇ ಎಂದು ನೀವು ಕೇಳಬಹುದು. ಇದೇ ಜಿಂಜಿಗೆ ಬಹಳ ದೂರವಲ್ಲದ ತಿರುಕ್ಕೋವಲೂರಿನಲ್ಲಿ ಪೂರ್ವದಲ್ಲಿ ಒಬ್ಬ ಶಿವಭಕ್ತನಾದ ಅರಸನಿದ್ದ. ಅರವತ್ತುಮೂವರು ಪುರಾತನರಲ್ಲಿ ಒಬ್ಬನು. ತಮಿಳರು ಮೆಯ್ಪೊರುಳ್ ನಾಯನಾರ್ ಎಂದು ಕರೆಯುತ್ತಾರೆ. ಯುದ್ಧದಲ್ಲಿ ಅವನನ್ನು ಗೆಲ್ಲಲಾರದ ವೈರಿಯೊಬ್ಬ ಶಿವಭಕ್ತನ ವೇಷದಲ್ಲಿ, ಓಲೆಯ ಕಟ್ಟಿನಲ್ಲಿ ಕಠಾರಿಯನ್ನು ಅಡಗಿಸಿಕೊಂಡು ಬಂದ. ಅರಸ ನೆಲದ ಮೇಲೆ ಕುಳಿತು ಉಪದೇಶಕ್ಕೆ ತಲೆಬಾಗಿದಾಗ ಇರಿದುಬಿಟ್ಟ. ಕಾವಲಿನ ದತ್ತನು ಕತ್ತಿ ಹಿರಿದು ಓಡಿಬಂದ. ಅರಸ ಬೀಳುತ್ತಲೇ ಅವನನ್ನು ತಡೆದು, ಈತನ ಮೈಮೇಲೆ ಶಿವಲಾಂಛನವಿದೆ, ಈತ ನಮ್ಮವನು, ಯಾರೂ ಮುಟ್ಟದಂತೆ ಗಡಿ ದಾಟಿಸಿ ಬಾ ಎಂದು ಅಪ್ಪಣೆ ಮಾಡಿದ. ದಾಟಿಸಿ ಬಂದೆನೆಂಬ ಸುದ್ದಿ ಕೇಳಿದ ಮೇಲೆಯೇ ಪ್ರಾಣ ಬಿಟ್ಟ.

ಒಂದೇ ವೇಷ ನೋಡಿ. ಒಬ್ಬ ಕೊಲ್ಲಲು ಹಾಕಿದ, ಇನ್ನೊಬ್ಬ ಉಳಿಯಲು ಹಾಕಿದ. ಲಾಂಛನಕ್ಕೆ ಮರ್ಯಾದೆ ಕೊಡುವುದು ಭಕ್ತನ ಧರ್ಮ. ಆ ಮರ್ಯಾದೆಗೆ ತಕ್ಕವನಾಗುವುದು ಧರಿಸಿದವನ ಹೊಣೆ. ಭಕ್ತನು ತನ್ನ ಪಾಲಿನದನ್ನು ಮಾಡಿಬಿಡುತ್ತಾನೆ. ಲೆಕ್ಕ ಉಳಿಯುವುದು ಧರಿಸಿದವನ ಹತ್ತಿರ. ಈ ಮಾತನ್ನು ನಾವು ಯಾರನ್ನೋ ಕುರಿತು ಹೇಳುತ್ತಿಲ್ಲ. ಕಾವಿ ಉಟ್ಟು ಈ ಪೀಠದ ಮೇಲೆ ಕುಳಿತಿರುವ ನಮ್ಮನ್ನು ಕುರಿತೇ ಹೇಳುತ್ತಿದ್ದೇವೆ.

ಇನ್ನು ಆ ಹುಡುಗನ ಪ್ರಶ್ನೆ ನಮಗೆ ಏಕೆ ನಿದ್ದೆ ಕೊಡಲಿಲ್ಲವೆಂಬುದನ್ನು ಹೇಳಬೇಕು. ಈವರೆಗೆ ಯಾವ ಸಭೆಯಲ್ಲಿಯೂ ಇದನ್ನು ಹೇಳಿಲ್ಲ.

ನಾವು ಹನ್ನೆರಡು ವರ್ಷದವರಾಗಿದ್ದಾಗ ಒಂದು ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿದ್ದೆವು. ವಟುಗಳೆಲ್ಲ ಅಲ್ಲಿಯೇ ಉಂಡು, ಅಲ್ಲಿಯೇ ಮಲಗುವುದು. ಅಮರಕೋಶ, ಶಬ್ದಮಂಜರಿ ಬಾಯಿಪಾಠ. ಹೊಟ್ಟೆ ತುಂಬ ಊಟವಿದ್ದರೂ ಆ ವಯಸ್ಸಿನ ಹಸಿವು ನಿಮಗೆ ಗೊತ್ತಲ್ಲ. ಒಂದು ರಾತ್ರಿ ನಾವು ಉಗ್ರಾಣದ ಕಿಟಕಿಯಿಂದ ಕೈಹಾಕಿ ಒಂದು ಅಚ್ಚು ಬೆಲ್ಲ ತೆಗೆದೆವು. ನಮ್ಮ ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯನಿಗೆ ಅರ್ಧ ಕೊಟ್ಟೆವು. ಅವನು ಎಲ್ಲಿಯದೆಂದು ಕೇಳಲಿಲ್ಲ, ತಿಂದ. ಮಿಕ್ಕ ಚೂರನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡ. ಬೆಳಿಗ್ಗೆ ಅದಕ್ಕೆ ಇರುವೆ ಹತ್ತಿತು, ಸಿಕ್ಕಿಬಿದ್ದ.

ಗುರುಗಳು ಅವನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದರು. "ನೀನು ತೆಗೆದೆಯೋ, ಬೇರೆ ಯಾರಾದರೂ ಕೊಟ್ಟರೋ?" ಅವನು ಮಾತಾಡಲಿಲ್ಲ. ಬೆತ್ತದ ಏಟು ಬಿದ್ದವು. ಮತ್ತೆ ಕೇಳಿದರು. ಮಾತಾಡಲಿಲ್ಲ. ನಾವು ಕಂಬದ ಹಿಂದೆ ಸಾಲಿನಲ್ಲಿ ನಿಂತಿದ್ದೆವು. ನಾಲ್ಕು ಹೆಜ್ಜೆ ಮುಂದೆ ಬಂದು, "ಗುರುಗಳೆ, ನಾನು" ಎಂದರೆ ಮುಗಿಯುತ್ತಿತ್ತು. ಆ ನಾಲ್ಕು ಹೆಜ್ಜೆಯನ್ನು ನಾವು ಇಡಲಿಲ್ಲ. ಆ ವಾರವೇ ಅವನ ತಂದೆ ಬಂದು, ಕಳ್ಳನೆನಿಸಿಕೊಂಡ ಮೇಲೆ ಇಲ್ಲೇಕೆ ಎಂದು ಕರೆದುಕೊಂಡು ಹೋದರು. ಅವನ ಓದು ಅಲ್ಲಿಗೆ ನಿಂತಿತು. ನಮ್ಮ ಓದು ಮುಂದುವರಿಯಿತು.

ಎಷ್ಟೋ ವರ್ಷಗಳ ಮೇಲೆ, ನಾವು ಪೀಠಕ್ಕೆ ಬಂದ ಮೇಲೆ, ಒಂದು ಊರಿನ ಪೂಜೆಯಲ್ಲಿ ಒಬ್ಬ ರೈತ ಬಂದು ಪಾದಕ್ಕೆರಗಿದ. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಎಲ್ಲರೂ ಹೋದ ಮೇಲೆ ಅವನನ್ನು ಕೂರಿಸಿಕೊಂಡು, "ಅಪ್ಪಾ, ಅವತ್ತು ಬೆಲ್ಲ ತೆಗೆದವರು ನಾವು. ಹೇಳಲಿಲ್ಲ, ತಪ್ಪಾಯಿತು" ಎಂದೆವು. ಅವನು ತಲೆ ತಗ್ಗಿಸಿ ಹೇಳಿದ: "ಅದು ನನಗೆ ಗೊತ್ತಿದ್ದದ್ದೇ ಬುದ್ಧೀ. ನೀವು ಬರ್ತೀರಿ ಅಂತ ಕಂಬದ ಕಡೆಗೇ ನೋಡ್ತಾ ಇದ್ದೆ."

ಆ ಮಾತು ನಮ್ಮೊಳಗೆ ಇಂದಿಗೂ ಇದೆ.

ಈಗ ಎರಡನ್ನೂ ತೂಗಿ ನೋಡಿ. ರಾಜಾರಾಮನೂ ಗೆಳೆಯರನ್ನು ಬಿಟ್ಟು ಹೋದ, ನಾವೂ ಗೆಳೆಯನನ್ನು ಬಿಟ್ಟೆವು. ಅಲ್ಲಿಯೂ ಹೊಡೆತ ತಿಂದವರು ಬೇರೆಯವರು, ಇಲ್ಲಿಯೂ ಬೇರೆಯವನು. ವ್ಯತ್ಯಾಸವೇನು? ಅಲ್ಲಿ ಎಲ್ಲರೂ ಕೂಡಿ ಆಲೋಚಿಸಿ, ನೀನು ಹೋಗು, ನಾವು ಉಳಿಯುತ್ತೇವೆ ಎಂದು ಒಪ್ಪಿಕೊಂಡಿದ್ದರು. ಅವನು ಹಿಂದಿರುಗಿ ಬಂದು ನಾನೇ ಎಂದಿದ್ದರೆ ಅವರು ತಿಂದ ಏಟೆಲ್ಲ ವ್ಯರ್ಥವಾಗುತ್ತಿತ್ತು, ಒಂದು ನಾಡು ಹಾಳಾಗುತ್ತಿತ್ತು. ಇಲ್ಲಿ ಯಾವ ನಾಡೂ ಇರಲಿಲ್ಲ. ಉಳಿದದ್ದು ನಮ್ಮ ಬೆನ್ನು ಮಾತ್ರ. ಆದ್ದರಿಂದ ಅಲ್ಲಿ ಅಡಗಿದ್ದು ಧರ್ಮ, ಇಲ್ಲಿ ಅಡಗಿದ್ದು ಹೇಡಿತನ. ಮೌನ ಒಂದೇ ತೆರನಾಗಿ ಕಾಣುತ್ತದೆ. ಯಾರನ್ನು ಉಳಿಸಲು ಸುಮ್ಮನಿದ್ದೇವೆ ಎಂಬುದರ ಮೇಲೆ ಅದು ಪುಣ್ಯವೋ ಪಾಪವೋ ನಿರ್ಣಯವಾಗುತ್ತದೆ.

ಮಗೂ, ನಿನ್ನ ಪ್ರಶ್ನೆಗೆ ಇದು ಉತ್ತರ. ಸ್ನೇಹಿತನಿಗೆ ಕೇಡು ಮಾಡಲೆಂದೇ ಒಬ್ಬ ಬಂದು ಕೇಳಿದರೆ ಗುಟ್ಟು ಬಿಡಬೇಡ. ಅದು ಸುಳ್ಳಲ್ಲ, ಕಾವಲು. ಆದರೆ ನಿನ್ನ ತಪ್ಪಿಗೆ ಸ್ನೇಹಿತ ನಿಂತು ಏಟು ತಿನ್ನುತ್ತಿದ್ದರೆ, ಒಂದು ಗಳಿಗೆಯೂ ಕಂಬದ ಹಿಂದೆ ನಿಲ್ಲಬೇಡ. ಸ್ನೇಹಿತನೇ ತಪ್ಪು ಮಾಡಿ, ಅದರಿಂದ ಮೂರನೆಯವನಿಗೆ ನೋವಾಗಿದ್ದರೆ, ಅವನನ್ನು ಬಚ್ಚಿಡುವುದು ಸ್ನೇಹವಲ್ಲ. ಕೈಹಿಡಿದು ಕರೆದುಕೊಂಡು ಹೋಗಿ ಒಪ್ಪಿಸುವುದು ಸ್ನೇಹ.

ಇನ್ನು ಮಧುಗಿರಿಯ ಮಾತು. ಇಲ್ಲಿಗೆ ಬರುವಾಗ ಆ ಏಕಶಿಲೆಯ ಬೆಟ್ಟವನ್ನೂ ಅದರ ಮೇಲಣ ಕೋಟೆಯನ್ನೂ ನೋಡಿಕೊಂಡು ಬಂದೆವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಸತ್ತನೆಂದು ಎಲ್ಲರೂ ನಂಬಿದ್ದ ಚನ್ನಬಸಪ್ಪ ನಾಯಕನೇ ತಾನೆಂದು ಹೇಳಿಕೊಳ್ಳುತ್ತಿದ್ದ ಒಬ್ಬನನ್ನು ಮುಂದಿಟ್ಟುಕೊಂಡು ಅವನು ಬಿದನೂರಿನ ಮೇಲೆ ಬಂದ. ಚನ್ನಮ್ಮಾಜಿಯ ಗದ್ದುಗೆಯಲ್ಲಿ ಆಗ ಇದ್ದವರು ರಾಣಿ ವೀರಮ್ಮಾಜಿ. ಅವರನ್ನೂ ಅವರ ದತ್ತುಮಗ ಸೋಮಶೇಖರನನ್ನೂ ಹಿಡಿದು ಹೈದರಾಲಿ ಸೆರೆಯಿಟ್ಟದ್ದು ಇದೇ ಮಧುಗಿರಿಯ ಕೋಟೆಯಲ್ಲಿ. ಕೆಲಸ ಮುಗಿದ ಮೇಲೆ ಆ ಅರಸನೆನಿಸಿಕೊಂಡವನಿಗೂ ಅದೇ ಸೆರೆಯಾಯಿತೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಸಿಂಹಾಸನಕ್ಕಾಗಿ ಹಾಕಿದ ವೇಷ ಸೆರೆಮನೆಗೆ ತಂದು ಬಿಟ್ಟಿತು.

1767ರಲ್ಲಿ ಮಧುಗಿರಿಯ ಕೋಟೆ ಇನ್ನೊಬ್ಬರ ಕೈಗೆ ಬಿತ್ತು. ಬಾಗಿಲು ತೆಗೆದು ವೀರಮ್ಮಾಜಿಯನ್ನೂ ಮಗನನ್ನೂ ಬಿಡಿಸಿದವರು ಯಾರು? ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ. ಕೆಳದಿಯ ಒಬ್ಬ ತಾಯಿ ಮರಾಠರ ಮಗನಿಗೆ ದಾರಿ ಕೊಟ್ಟ 78 ವರ್ಷಗಳ ಮೇಲೆ, ಮರಾಠರು ಬಂದು ಕೆಳದಿಯ ಇನ್ನೊಬ್ಬ ತಾಯಿಯ ಸೆರೆ ಬಿಡಿಸಿದರು. ಪೇಶ್ವೆ ಹಳೆಯ ಋಣವನ್ನು ತೀರಿಸಲೆಂದೇ ಬಂದನೆಂದು ನಾವು ಹೇಳುವುದಿಲ್ಲ. ಅವನು ಬಂದದ್ದು ಯುದ್ಧಕ್ಕೆ, ಕಪ್ಪಕ್ಕೆ. ಆ ಸೈನಿಕರಿಗೆ ಚನ್ನಮ್ಮಾಜಿಯ ನೆನಪಿತ್ತೋ ಇಲ್ಲವೋ. ಆದರೆ ಮಾಡಿದ ಒಳಿತು ನಮ್ಮ ಲೆಕ್ಕಪುಸ್ತಕದಲ್ಲಿ ಕಾಣದಿದ್ದರೂ ಶಿವನ ಲೆಕ್ಕದಲ್ಲಿ ಕಳೆದುಹೋಗುವುದಿಲ್ಲವೆಂದು ನಾವು ನಂಬುತ್ತೇವೆ. ಇನ್ನು ಮುಂದೆ ಆ ಬೆಟ್ಟದ ಕೆಳಗೆ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಆ ತಾಯಂದಿರನ್ನು ನೆನೆಯಿರಿ.

ಸದ್ಭಕ್ತರೆ, ನಮ್ಮ ಗುರುತು ಎಲ್ಲಿದೆ? ಹಣೆಯ ವಿಭೂತಿಯನ್ನು ಎಲ್ಲರೂ ಕಾಣುತ್ತಾರೆ. ಕೊರಳ ರುದ್ರಾಕ್ಷಿಯನ್ನು ಎಲ್ಲರೂ ಕಾಣುತ್ತಾರೆ. ಇಷ್ಟಲಿಂಗ ಮಾತ್ರ ಕರಡಿಗೆಯೊಳಗೆ, ಬಟ್ಟೆಯ ಮರೆಯಲ್ಲಿ, ಎದೆಗೆ ತಾಗಿಕೊಂಡಿದೆ. ಅದನ್ನು ಅಂಗೈಗೆ ತೆಗೆದುಕೊಂಡು ನೋಡುವಾಗ ಅದೂ ನಮ್ಮನ್ನು ನೋಡುತ್ತದೆ, "ನೀನಾರು?" ಎಂದು ಕೇಳುತ್ತದೆ. ಅಲ್ಲಿ ಚಾಟಿ ಇಲ್ಲ, ಬೆತ್ತವಿಲ್ಲ, ಕೇಳುವವನು ತಾಯಿಗಿಂತಲೂ ಮೃದು. ಅಲ್ಲಿ ವೇಷ ನಡೆಯುವುದಿಲ್ಲ, ವೇಷ ಬೇಕಾಗಿಯೂ ಇಲ್ಲ. ದಿನಕ್ಕೊಮ್ಮೆಯಾದರೂ ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡುವ ಅಭ್ಯಾಸವಿದ್ದರೆ, ಲೋಕದಲ್ಲಿ ಯಾರಿಗೆ ಏನು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ನಿಮ್ಮ ಮನೆಗಳಲ್ಲಿ ಯಾರಾದರೂ ನಿಮ್ಮ ತಪ್ಪನ್ನು ಹೊತ್ತುಕೊಂಡು ಸುಮ್ಮನಿರಬಹುದು. ಹೆಂಡತಿಯಿರಬಹುದು, ತಮ್ಮನಿರಬಹುದು, ಹೊಲದಲ್ಲಿ ದುಡಿಯುವ ಆಳಿರಬಹುದು. ಅವರು ಕಂಬದ ಕಡೆ ನೋಡುತ್ತಾ ಇದ್ದಾರು. ಇಂದು ಇಲ್ಲಿಂದ ಮನೆಗೆ ಹೋದ ಮೇಲೆ ಆ ನಾಲ್ಕು ಹೆಜ್ಜೆಯನ್ನು ಇಡಿ. ನಮ್ಮಂತೆ ವರ್ಷಗಟ್ಟಲೆ ಕಾಯಬೇಡಿ.

ನಿಮ್ಮೆಲ್ಲರಿಗೂ ಆ ಧೈರ್ಯವನ್ನು ಪರಶಿವನು ಕರುಣಿಸಲಿ, ಮಳೆ ಬೆಳೆ ಚೆನ್ನಾಗಿ ಆಗಲಿ, ಮಕ್ಕಳು ನಿರ್ಭಯರಾಗಿ ಬೆಳೆಯಲಿ ಎಂದು ಹಾರೈಸಿ ಮಾತನ್ನು ಮುಗಿಸುತ್ತೇವೆ.

ಓಂ ನಮಃ ಶಿವಾಯ.